ಮಳೆಗಾಲದ ಬೆಟ್ಟದ ಸೈಕಲ್ ಸವಾರಿ: ಅರ್ಧಶಕ್ತಿಯ ಪಾಠ

ವ್ಯಾಯಾಮವು ಆರೋಗ್ಯಕ್ಕೆ ಹಿತವೆಂಬುದನ್ನು ಇಂದು ಅಲ್ಲಗಳೆಯುವವರಿಲ್ಲ. ಆದರೆ ಯಾವ ವ್ಯಾಯಾಮ, ಯಾರಿಗೆ, ಯಾವ ಋತುವಿನಲ್ಲಿ, ಎಷ್ಟು ಪ್ರಮಾಣದಲ್ಲಿ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡು ವ್ಯಾಯಾಮಕ್ಕೆ ಇಳಿಯುವವರು ವಿರಳ. ಔಷಧಕ್ಕೆ ಮಾತ್ರೆಯ ಅಳತೆ ಇರುವಂತೆ ವ್ಯಾಯಾಮಕ್ಕೂ ಅಳತೆಯಿದೆ. ಆಯುರ್ವೇದದ ಆಚಾರ್ಯರು ಈ ಅಳತೆಯನ್ನು ‘ಅರ್ಧಶಕ್ತಿ’ ಎಂಬ ಒಂದೇ ಮಾತಿನಲ್ಲಿ ಹೇಳಿದ್ದಾರೆ. ತನ್ನಲ್ಲಿರುವ ಬಲದ ಅರ್ಧದಷ್ಟನ್ನು ಮಾತ್ರ ವ್ಯಯಿಸಬೇಕು, ಉಳಿದರ್ಧವನ್ನು ದೇಹಕ್ಕೇ ಬಿಡಬೇಕು ಎಂಬುದು ಇದರ ಅರ್ಥ.

ಈಚಿನ ಕೆಲವು ವರ್ಷಗಳಿಂದ ಮಳೆಗಾಲ ಹತ್ತಿರವಾದೊಡನೆ ನಮ್ಮ ಚಿಕಿತ್ಸಾಲಯದಲ್ಲಿ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. ಪಟ್ಟಣಗಳಲ್ಲಿ ಕುಳಿತು ಕೆಲಸ ಮಾಡುವ ತರುಣ ತರುಣಿಯರು ಸೈಕಲ್ ಸಂಘಗಳನ್ನು ಸೇರಿ, ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ಮಲೆನಾಡಿನ ಕೆಸರು ದಾರಿಗಳನ್ನು ತುಳಿಯಲು ಹೊರಡುತ್ತಾರೆ. ಹಾಗೆ ಹೊರಟ ಒಬ್ಬ ತರುಣನ ತಾಯಿ ನಮ್ಮನ್ನು ನೇರವಾಗಿಯೇ ಕೇಳಿದರು: “ಡಾಕ್ಟ್ರೇ, ಬೆನ್ನುನೋವಿಗೆ ವ್ಯಾಯಾಮ ಮಾಡು ಅಂದ್ರಿ, ಸರಿ. ಈ ಮಳೇಲಿ ಗುಡ್ಡದ ಮೇಲೆ ಸೈಕಲ್ ಹೊಡೆಯೋದೂ ವ್ಯಾಯಾಮಾನಾ?” ತಾಯಿಯ ಈ ಪ್ರಶ್ನೆ ಸಾಧುವಾದದ್ದು. ಅದಕ್ಕೆ ‘ಹೌದು’ ಅಥವಾ ‘ಅಲ್ಲ’ ಎಂಬ ಒಂದೇ ಮಾತಿನ ಉತ್ತರ ಸಲ್ಲದು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸೋಣ.

ಬೆಟ್ಟದ ಸೈಕಲ್ಲಿನ ಸ್ವರೂಪ

ನಾವು ಬಾಲ್ಯದಲ್ಲಿ ತುಳಿದ ಸೈಕಲ್ಲಿಗೂ ಈಗ ‘ಮೌಂಟನ್ ಬೈಕ್’ ಎಂದು ಕರೆಯುವ ಸೈಕಲ್ಲಿಗೂ ವ್ಯತ್ಯಾಸವಿದೆ. ಇದರ ಟೈರು ಅಗಲವಾಗಿದ್ದು, ಮೇಲೆ ಉಬ್ಬು ಗಂಟುಗಳಿರುತ್ತವೆ. ಮುಂದಿನ ಕವೆಯಲ್ಲಿ ಕುಲುಕಾಟವನ್ನು ಹೀರಿಕೊಳ್ಳುವ ಸ್ಪ್ರಿಂಗು ಅಥವಾ ಗಾಳಿಯ ವ್ಯವಸ್ಥೆ ಇರುತ್ತದೆ. ಏರಿನಲ್ಲಿ ಹಗುರವಾಗಿ ತುಳಿಯಲು ಗೇರುಗಳಿವೆ. ಒಳ್ಳೆಯ ಸೈಕಲ್ಲುಗಳಲ್ಲಿ ಚಕ್ರದ ಅಂಚನ್ನು ಹಿಡಿಯುವ ಬ್ರೇಕಿನ ಬದಲು, ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಇರುತ್ತದೆ. ಅಂಚಿಗೆ ಕೆಸರು ನೀರು ಮೆತ್ತಿಕೊಂಡಾಗ ಹಳೆಯ ಬಗೆಯ ಬ್ರೇಕು ಜಾರುವುದರಿಂದ, ಮಳೆಗಾಲಕ್ಕೆ ಡಿಸ್ಕ್ ಬ್ರೇಕೇ ಮೇಲು.

ಈ ಕ್ರೀಡೆ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. 1970ರ ದಶಕದಲ್ಲಿ ಅಲ್ಲಿನ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಟಮಲ್ಪೈಸ್ ಬೆಟ್ಟದ ಸುತ್ತಮುತ್ತಲಿನ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. 1976ರಲ್ಲಿ ಅವರು ಆರಂಭಿಸಿದ ಇಳಿಜಾರಿನ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದುದರ ಕಾರಣ ಸ್ವಾರಸ್ಯಕರವಾಗಿದೆ. ಆ ಸೈಕಲ್ಲುಗಳ ಹಿಂದಿನ ಚಕ್ರದ ಬ್ರೇಕು ಇಳಿಯುವಷ್ಟರಲ್ಲಿ ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಹೀಗೆ ಮತ್ತೆ ತುಂಬುವುದೇ ಪಂದ್ಯದ ಹೆಸರಾಯಿತು. ಅದೇ ಕ್ರೀಡೆ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸ್ಥಾನ ಪಡೆಯಿತು. ಮೊದಲ ದಿನಗಳ ಪಂದ್ಯವೊಂದು ಹೊಗೆಯಾಡುವ ಬ್ರೇಕಿನಿಂದ ಹೆಸರು ಪಡೆದ ಈ ಕ್ರೀಡೆಯಲ್ಲಿ, ವೇಗಕ್ಕಿಂತ ಮೊದಲು ಕಲಿಯಬೇಕಾದದ್ದು ನಿಲ್ಲಿಸುವ ವಿದ್ಯೆ ಎಂಬುದನ್ನು ಹೊಸಬರು ಗಮನಿಸಬೇಕು.

ವರ್ಷ ಋತುವಿನ ಶರೀರ

ಗ್ರೀಷ್ಮದಲ್ಲಿ ಸಂಚಯವಾದ ವಾತವು ವರ್ಷ ಋತುವಿನಲ್ಲಿ ಪ್ರಕೋಪಗೊಳ್ಳುತ್ತದೆ, ಪಿತ್ತವು ಸಂಚಯವಾಗತೊಡಗುತ್ತದೆ, ಜಠರಾಗ್ನಿ ಮಂದವಾಗಿರುತ್ತದೆ ಎಂಬುದು ಶಾಸ್ತ್ರದ ನಿರ್ಣಯ. ವಾತದ ಗುಣಗಳು ಶೀತ, ರೂಕ್ಷ, ಲಘು, ಚಲ ಮುಂತಾದವು. ಈಗ ಸೈಕಲ್ ಸವಾರಿಯನ್ನು ನೋಡೋಣ. ಅದು ಚಲನೆಯೇ ಆಗಿದೆ. ಮುಖಕ್ಕೆ ಗಾಳಿ ಬಡಿಯುತ್ತದೆ. ಮಳೆಯಿಂದ ಶೀತ ತಗಲುತ್ತದೆ. ಕಲ್ಲುದಾರಿಯ ಕುಲುಕಾಟ ಸಂಧಿಗಳನ್ನು ತಟ್ಟುತ್ತದೆ. ಅಂದರೆ ವಾತವು ಸಹಜವಾಗಿಯೇ ಕೆರಳಿರುವ ಕಾಲದಲ್ಲಿ ವಾತವನ್ನು ಕೆರಳಿಸುವ ಎಲ್ಲ ಕಾರಣಗಳೂ ಒಂದೆಡೆ ಸೇರುತ್ತವೆ.

ಆದ್ದರಿಂದಲೇ ಅಷ್ಟಾಂಗಹೃದಯದ ಋತುಚರ್ಯಾ ಅಧ್ಯಾಯದಲ್ಲಿ ವಾಗ್ಭಟಾಚಾರ್ಯರು ಮಳೆಗಾಲದಲ್ಲಿ ವರ್ಜಿಸಬೇಕಾದವುಗಳ ಸಾಲಿನಲ್ಲಿ ನದಿಯ ನೀರು ಮತ್ತು ಹಗಲುನಿದ್ರೆಯೊಂದಿಗೆ ಆಯಾಸವನ್ನೂ ಸೇರಿಸಿದ್ದಾರೆ. ದಿನಚರ್ಯಾ ಅಧ್ಯಾಯದಲ್ಲಿ, ಬಲವುಳ್ಳವರು ಮತ್ತು ಸ್ನಿಗ್ಧಾಹಾರ ಸೇವಿಸುವವರು ಶೀತಕಾಲದಲ್ಲಿಯೂ ವಸಂತದಲ್ಲಿಯೂ ಅರ್ಧಶಕ್ತಿಯಷ್ಟು ವ್ಯಾಯಾಮ ಮಾಡಬಹುದು, ಉಳಿದ ಕಾಲದಲ್ಲಿ ಅದಕ್ಕಿಂತಲೂ ಮಂದವಾಗಿ ಮಾಡಬೇಕು ಎಂದಿದ್ದಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಮಳೆಗಾಲದಲ್ಲಿ ದೇಹವನ್ನು ಅಲುಗಿಸಲೇಬೇಡಿ ಎಂದು ಆಚಾರ್ಯರು ಹೇಳಿಲ್ಲ. ಮಿತಿಯನ್ನು ಇನ್ನಷ್ಟು ಕೆಳಗಿಳಿಸಿರಿ ಎಂದಿದ್ದಾರೆ. ತಾಯಂದಿರ ಪ್ರಶ್ನೆಗೆ ಉತ್ತರದ ಬೀಜ ಇರುವುದು ಇಲ್ಲಿಯೇ.

ಅರ್ಧಶಕ್ತಿ ಮುಗಿಯಿತೆಂದು ತಿಳಿಯುವುದು ಹೇಗೆ? ಹಣೆ, ಮೂಗು, ಕಂಕುಳು ಮತ್ತು ಸಂಧಿಗಳಲ್ಲಿ ಬೆವರು ಒಸರುವುದು, ಬಾಯಿ ಒಣಗುವುದು, ಮೂಗಿನಿಂದ ಸಾಗುತ್ತಿದ್ದ ಉಸಿರು ಬಾಯಿಗೆ ಬರುವುದು, ಇವು ಲಕ್ಷಣಗಳು. ಆದರೆ ಮಳೆಯಲ್ಲಿ ಒಂದು ತೊಡಕಿದೆ. ಮೈಯೆಲ್ಲ ತೊಯ್ದಿರುವಾಗ ಹಣೆಯ ಮೇಲಿರುವುದು ಬೆವರೋ ಮಳೆಯ ಹನಿಯೋ ತಿಳಿಯದು. ತಂಪಿನಲ್ಲಿ ಬಾಯಾರಿಕೆಯೂ ತೋರದು. ಹೀಗಾಗಿ ಮಳೆಗಾಲದ ಸವಾರನಿಗೆ ಉಳಿಯುವ ನಂಬಿಕೆಯ ಲಕ್ಷಣ ಉಸಿರೊಂದೇ. ಪಕ್ಕದವರೊಡನೆ ಒಂದು ಪೂರ್ಣ ವಾಕ್ಯವನ್ನು ನಡುವೆ ಏದುಸಿರಿಲ್ಲದೆ ಆಡಲು ಸಾಧ್ಯವಾದರೆ ಮಿತಿಯೊಳಗಿದ್ದೀರಿ ಎಂದರ್ಥ. ಮಾತು ತುಂಡಾಗತೊಡಗಿದರೆ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆಯುವುದೇ ವಿವೇಕ.

ಒಂದು ದಿನದ ಸವಾರಿ

ಮೇಲೆ ಹೇಳಿದ ತಾಯಿಯ ಮಗನಿಗೆ ಇಪ್ಪತ್ತೊಂಬತ್ತು ವಯಸ್ಸು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ದಿನಕ್ಕೆ ಹತ್ತು ಗಂಟೆ ಕುಳಿತು ಸೊಂಟ ಹಿಡಿದುಕೊಂಡಿತ್ತು. ನೋವು ಇಳಿದ ಮೇಲೆ ಎರಡು ತಿಂಗಳು ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ತುಳಿದು ಹುರುಪು ಬಂದಿತ್ತು. ಹಳೆಯದೊಂದು ಬೆಟ್ಟದ ಸೈಕಲ್ ಕೊಂಡು ಸಂಘವೊಂದಕ್ಕೆ ಸೇರಿದ್ದನು. ಪುನರ್ವಸು ಮಳೆಯ ಒಂದು ಭಾನುವಾರ ಆ ಸಂಘದವರು ಮೂಡಿಗೆರೆ ತಾಲ್ಲೂಕಿನಲ್ಲಿ ಸವಾರಿ ಏರ್ಪಡಿಸಿ, ವೈದ್ಯರೊಬ್ಬರು ಜೊತೆಗಿರಲೆಂದು ನಮ್ಮನ್ನು ಕರೆದರು. ನಾವು ಸೈಕಲ್ ಏರಲಿಲ್ಲ. ಹಿಂದೆ ಬರುವ ಜೀಪಿನಲ್ಲಿ ಕುಳಿತೆವು.

ಸವಾರರು ಹನ್ನೊಂದು ಮಂದಿ. ದಾರಿ ಹದಿನೆಂಟು ಕಿಲೋಮೀಟರು. ಮೀಸಲು ಅರಣ್ಯದ ಕಡೆಗೆ ಹೋಗದೆ, ಮಾಲೀಕರ ಅನುಮತಿ ಪಡೆದು ಕಾಫಿ ತೋಟಗಳ ಒಳದಾರಿಯನ್ನೇ ಅವರು ಆರಿಸಿಕೊಂಡಿದ್ದರು. ಆನೆಗಳ ಸುಳಿವಿದೆಯೇ ಎಂದು ಹಿಂದಿನ ಸಂಜೆಯೇ ತೋಟದ ರೈಟರನ್ನು ವಿಚಾರಿಸಿದ್ದರು. ಸಂಘದ ಮುಂದಾಳು ವ್ಯಾಯಾಮ ಶಿಕ್ಷಕರು. ಎಲ್ಲರೂ ಅವರನ್ನು ‘ಮೇಷ್ಟ್ರೇ’ ಎಂದೇ ಕರೆಯುತ್ತಿದ್ದರು. ಅವರ ನಿಯಮಗಳು ಮೂರು. ಎಲ್ಲರಿಗಿಂತ ನಿಧಾನವಾದವನ ವೇಗವೇ ಗುಂಪಿನ ವೇಗ. ಎಲ್ಲರ ಹಿಂದೆ ಒಬ್ಬ ಅನುಭವಿ ಬರಬೇಕು, ಅವರನ್ನು ದಾಟಿ ಯಾರೂ ಹಿಂದುಳಿಯಬಾರದು. ಪ್ರತಿ ಕವಲಿನಲ್ಲಿಯೂ ನಿಂತು ತಲೆ ಎಣಿಸಬೇಕು. ಅಂದು ಹಿಂದೆ ಬರುವ ಹೊಣೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳದಾಗಿತ್ತು.

ಹೊರಡುವ ಮುನ್ನ ಮೇಷ್ಟ್ರು ಹೊಸಬನನ್ನು ತೋಟದ ಗೇಟಿನ ಬಳಿ ಅರ್ಧ ಗಂಟೆ ಪಳಗಿಸಿದರು. ಯಾವ ಕೈಯ ಹಿಡಿಕೆ ಯಾವ ಚಕ್ರದ ಬ್ರೇಕಿಗೆ ಸೇರಿದೆ ಎಂಬುದನ್ನು ನಿಧಾನವಾಗಿ ಓಡಿಸಿ ಖಚಿತಪಡಿಸಿಕೊಳ್ಳುವುದು ಮೊದಲ ಪಾಠ. ಇಳಿಜಾರಿನಲ್ಲಿ ಸೀಟನ್ನು ತಗ್ಗಿಸಿ, ಎರಡೂ ಪೆಡಲುಗಳನ್ನು ನೆಲಕ್ಕೆ ಸಮಾನವಾಗಿರಿಸಿ ಅವುಗಳ ಮೇಲೆ ನಿಲ್ಲುವುದು, ಮೊಣಕೈ ಮೊಣಕಾಲುಗಳನ್ನು ಸಡಿಲವಾಗಿ ಬಾಗಿಸಿರುವುದು, ದೃಷ್ಟಿಯನ್ನು ಮುಂದಿನ ಚಕ್ರದ ಮೇಲಲ್ಲ, ಹತ್ತು ಮಾರು ಮುಂದೆ ಇಡುವುದು ಎರಡನೆಯ ಪಾಠ. ತಿರುವಿನಲ್ಲಿ ಬ್ರೇಕು ಹಿಡಿಯದೆ, ತಿರುವಿಗೆ ಮುಂಚೆಯೇ ಎರಡೂ ಬ್ರೇಕುಗಳನ್ನು ಹದವಾಗಿ ಹಿಡಿದು ವೇಗ ತಗ್ಗಿಸುವುದು ಮೂರನೆಯದು. ತೊಯ್ದ ಬೇರು, ಪಾಚಿಗಟ್ಟಿದ ಕಲ್ಲು, ಮೋರಿಯ ಹಲಗೆ ಇವನ್ನು ಓರೆಯಾಗಿ ದಾಟದೆ ನೇರವಾಗಿ ದಾಟುವುದು, ಅವುಗಳ ಮೇಲಿರುವಾಗ ಬ್ರೇಕಿನ ಗೊಡವೆಗೇ ಹೋಗದಿರುವುದು ನಾಲ್ಕನೆಯದು. ಟೈರಿನ ಗಾಳಿಯನ್ನೂ ಸ್ವಲ್ಪ ಇಳಿಸಿದರು. ಗಾಳಿ ಬಿಗಿಯಾಗಿದ್ದರೆ ಟೈರು ನೆಲದ ಮೇಲೆ ಪುಟಿಯುತ್ತದೆ. ಹದವಾಗಿ ಮೆತ್ತಗಿದ್ದರೆ ನೆಲವನ್ನು ಅಪ್ಪಿ ಹಿಡಿಯುತ್ತದೆ.

ಇಷ್ಟೆಲ್ಲ ಕಲಿತರೂ ಹೊಸಬನು ಎರಡನೆಯ ಕಿಲೋಮೀಟರಿನಲ್ಲಿಯೇ ಪಾಚಿಗಟ್ಟಿದ ಮೋರಿಯ ಮೇಲೆ ಜಾರಿ ಕೆಸರಿನಲ್ಲಿ ಕುಳಿತನು. ಪೆಟ್ಟಾಗಲಿಲ್ಲ. ಯಾರೂ ನಗಲಿಲ್ಲ, ಅವನೇ ಮೊದಲು ನಕ್ಕನು. ಅನಂತರ ಅವನ ಸವಾರಿಯಲ್ಲಿ ಹದ ಬಂದಿತು. ಸಿಲ್ವರ್ ಓಕ್ ಮರಗಳ ನಡುವಣ ಏರಿನಲ್ಲಿ ಉಸಿರು ಬಾಯಿಗೆ ಬಂದಾಗ ಇಳಿದು ತಳ್ಳಿದನು, ಮತ್ತೆ ಹತ್ತಿದನು. ಮಂಜು ಸರಿದ ಕ್ಷಣಗಳಲ್ಲಿ ಕೆಳಗಿನ ಗದ್ದೆಯ ಬಯಲು ಕಂಡಾಗ ಅವನ ಮುಖದಲ್ಲಿ ಮೂಡಿದ ಸಂತೋಷವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೋಣೆಯೊಳಗಿನ ಯಂತ್ರದ ಮೇಲೆ ಎಷ್ಟು ತುಳಿದರೂ ಮನಸ್ಸಿಗೆ ಈ ಪ್ರಸನ್ನತೆ ಸಿಗದು. ಇದನ್ನೂ ಲಾಭದ ಲೆಕ್ಕದಲ್ಲಿ ಹಿಡಿಯಬೇಕು.

ಅಪಾಯವು ಬಂದದ್ದು ನಿಂತಾಗ

ಹತ್ತನೆಯ ಕಿಲೋಮೀಟರಿನಲ್ಲಿ ಒಬ್ಬರ ಟೈರು ಪಂಕ್ಚರಾಯಿತು. ಎಲ್ಲರೂ ತೋಟದ ಕಣದ ಬಳಿ ಒಂದು ಶೀಟಿನ ಮಾಡಿನಡಿ ನಿಂತರು. ಆ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಗಾಳಿ ಬೀಸುತ್ತಿತ್ತು. ಚಳಿಗಾಲದಂಥ ಚಳಿಯೇನೂ ಇರಲಿಲ್ಲ. ಹವೆಯ ಉಷ್ಣತೆ 19-20 ಡಿಗ್ರಿ ಇದ್ದಿರಬಹುದು. ಪಂಕ್ಚರು ಹಾಕಿ ಮುಗಿಸಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಹೊಸಬನ ಸ್ಥಿತಿ ಬದಲಾಗಿತ್ತು.

ಮೊದಲು ಅವನು ನಡುಗತೊಡಗಿದನು. ಬಳಿಕ ಬಿಸ್ಕೀಟಿನ ಪೊಟ್ಟಣವನ್ನು ಬಿಚ್ಚಲು ಹೋಗಿ ಬೆರಳು ಸಾಗದೆ ಕೈಬಿಟ್ಟನು. ಹೆಲ್ಮೆಟ್ಟಿನ ಕೊಂಡಿಯನ್ನು ಕಳಚಲಾಗಲಿಲ್ಲ. ಹಿಂದೆ ಬರುತ್ತಿದ್ದ ಹೆಣ್ಣುಮಗಳು ಇದನ್ನು ಮೊದಲು ಗಮನಿಸಿ ನಮ್ಮನ್ನು ಕರೆದಳು. ನಾವು ಮಾತನಾಡಿಸಿದಾಗ “ಏನಿಲ್ಲ ಡಾಕ್ಟ್ರೇ, ಚೆನ್ನಾಗಿದ್ದೀನಿ” ಎಂದನು. ಮಾತು ತಡೆದು ತಡೆದು, ನಾಲಗೆ ದಪ್ಪವಾದಂತೆ ಬರುತ್ತಿತ್ತು. ಅವನು ತೊಟ್ಟದ್ದು ಹತ್ತಿಯ ಬನಿಯನ್, ಜೀನ್ಸ್ ಪ್ಯಾಂಟು, ಮೇಲೊಂದು ಪ್ಲಾಸ್ಟಿಕ್ ರೇನ್‌ಕೋಟು. ಏರು ಹತ್ತುವಾಗ ರೇನ್‌ಕೋಟಿನೊಳಗೆ ಬೆವರಿ, ಬನಿಯನ್ನು ಹಿಂಡಿದರೆ ನೀರು ಸುರಿಯುವಂತಾಗಿತ್ತು.

ಇದರ ಕಾರಣವನ್ನು ಓದುಗರು ತಿಳಿದಿರಬೇಕು. ನೀರು ದೇಹದ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಹೊರಗೆಳೆಯುತ್ತದೆ. ತುಳಿಯುತ್ತಿರುವಷ್ಟು ಹೊತ್ತು ಸ್ನಾಯುಗಳು ಬಿಸಿಯನ್ನು ಹುಟ್ಟಿಸುತ್ತಿರುವುದರಿಂದ ನಷ್ಟವು ತೋರದು. ನಿಂತೊಡನೆ ಹುಟ್ಟುವಳಿ ಕುಗ್ಗುತ್ತದೆ, ನಷ್ಟ ಮುಂದುವರಿಯುತ್ತದೆ. ಶರೀರದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ರೋಗಸ್ಥಿತಿ. ಪಾದರಸದ ಸಾಮಾನ್ಯ ಥರ್ಮಾಮೀಟರಿನಲ್ಲಿ 35ರ ಕೆಳಗೆ ಅಂಕಿಯೇ ಇಲ್ಲದಿರುವುದರಿಂದ, ಅಂಥ ಜಾಗದಲ್ಲಿ ಜೊತೆಗಾರರ ಕಣ್ಣೇ ಥರ್ಮಾಮೀಟರು. ನಡುಕ, ಕೈ ತಡವರಿಸುವುದು, ಮಾತು ತೊದಲುವುದು, ಹೆಜ್ಜೆ ಎಡವುವುದು, ಕಾರಣವಿಲ್ಲದೆ ಮಂಕಾಗುವುದು ಅಥವಾ ಸಿಡುಕುವುದು, ಇವು ಕ್ರಮದ ಲಕ್ಷಣಗಳು. ಮೈ ತಣ್ಣಗಿರುವಾಗಲೇ ನಡುಕ ನಿಂತುಹೋದರೆ ಅದು ಗುಣವಾದ ಸೂಚನೆಯಲ್ಲ. ದೇಹ ಸೋಲುತ್ತಿರುವ ಸೂಚನೆ. ಅಂಥವರನ್ನು ತಡವಿಲ್ಲದೆ ಆಸ್ಪತ್ರೆಗೆ ಸಾಗಿಸಬೇಕು.

ಈ ತರುಣ ಆ ಹಂತವನ್ನು ಮುಟ್ಟಿರಲಿಲ್ಲ. ಗಾಳಿಗೆ ಮರೆಯಾದ ಕಾಫಿ ಗೋದಾಮಿನೊಳಗೆ ಕೂರಿಸಿ, ಒದ್ದೆ ಬಟ್ಟೆಗಳನ್ನೆಲ್ಲ ತೆಗೆಸಿ, ಮೈ ಒರಸಿ, ಒಣ ಅಂಗಿ ತೊಡಿಸಿ, ರೈಟರು ತಂದುಕೊಟ್ಟ ಕಂಬಳಿಯನ್ನು ತಲೆಯ ಸಮೇತ ಹೊದಿಸಿದೆವು. ಸರಿಯಾಗಿ ನುಂಗುತ್ತಾನೆಂದು ಖಚಿತವಾದ ಮೇಲೆ ಬೆಲ್ಲ ಶುಂಠಿ ಹಾಕಿದ ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಕೈಕಾಲುಗಳನ್ನು ತಿಕ್ಕಲು ಬಂದವರನ್ನು ತಡೆದೆವು. ಅತಿಯಾಗಿ ತಣ್ಣಗಾದವರ ಕೈಕಾಲುಗಳನ್ನು ತಿಕ್ಕಿದರೆ ಅಲ್ಲಿನ ತಣ್ಣನೆಯ ರಕ್ತ ಹೃದಯದ ಕಡೆಗೆ ನುಗ್ಗಿ ಅಪಾಯವಾಗಬಹುದು. ಮೊದಲು ಬೆಚ್ಚಗಾಗಬೇಕಾದದ್ದು ಎದೆ ಮತ್ತು ಹೊಟ್ಟೆ. ಒಬ್ಬರು “ಒಂದು ಮುಚ್ಚಳ ಬ್ರಾಂದಿ ಕೊಟ್ಟರೆ ಸರಿಹೋಗುತ್ತೆ” ಎಂದರು. ಇದು ಬಹು ಪ್ರಚಲಿತವಾದ ತಪ್ಪು ತಿಳಿವಳಿಕೆ. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆಚ್ಚಗಾದ ಭ್ರಮೆ ಹುಟ್ಟಿಸಿ, ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ. ಅದನ್ನು ಕೊಡಲೇಬಾರದು.

ಮುಕ್ಕಾಲು ಗಂಟೆಯಲ್ಲಿ ನಡುಕ ನಿಂತು, ಮೈ ಬೆಚ್ಚಗಾಗಿ, ಮಾತು ನೇರವಾಯಿತು. ಆಗ ಹುಡುಗನು ಎದ್ದು ಹೆಲ್ಮೆಟ್ಟಿಗೆ ಕೈ ಹಾಕಿದನು. “ಇನ್ನು ಎಂಟೇ ಕಿಲೋಮೀಟರ್ ಮೇಷ್ಟ್ರೇ, ಮುಗಿಸಿಬಿಡ್ತೀನಿ. ನನ್ನಿಂದ ಎಲ್ಲರಿಗೂ ತಡ ಆಯ್ತು” ಎಂದನು. ಉಳಿದ ದಾರಿಯಲ್ಲಿಯೇ ಕಡಿದಾದ ಇಳಿಜಾರು ಇತ್ತು. ಒಮ್ಮೆ ತಣಿದ ಬೆರಳುಗಳು ಬ್ರೇಕಿನ ಹಿಡಿಕೆಯನ್ನು ಹದವಾಗಿ ಹಿಡಿಯಲಾರವು. ಮೇಷ್ಟ್ರು ಸೈಕಲ್ಲನ್ನು ತಾವೇ ಎತ್ತಿ ಜೀಪಿನ ಹಿಂದೆ ಕಟ್ಟಿದರು. “ದಾರಿ ಎಲ್ಲೂ ಓಡಿಹೋಗಲ್ಲಪ್ಪ. ಇವತ್ತು ಅರ್ಧಕ್ಕೆ ನಿಲ್ಸೋದು ಕಲ್ತಿದ್ದೀಯ, ಉಳಿದರ್ಧ ಮುಂದಿನ ಸಲ” ಎಂದರು. ಹಿಂದೆ ಬರುತ್ತಿದ್ದ ಹೆಣ್ಣುಮಗಳೂ ತನ್ನ ಸವಾರಿಯನ್ನು ಅಲ್ಲಿಗೇ ನಿಲ್ಲಿಸಿ ಜೀಪು ಹತ್ತಿದಳು. ಬಿಟ್ಟವನು ಒಬ್ಬನೇ ಮರಳಬಾರದೆಂಬುದು ಆ ಸಂಘದ ಪದ್ಧತಿಯಂತೆ. ಹುಡುಗನು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದನು. ಅವನ ನಾಚಿಕೆ ನಮಗೆ ಅರ್ಥವಾಯಿತು. ಆದರೆ ಬೆಟ್ಟದಲ್ಲಿ ಆಗುವ ಅನಾಹುತಗಳಲ್ಲಿ ನಾಚಿಕೆಯ ಪಾಲು ದೊಡ್ಡದು. ‘ನನಗೆ ಆಗುತ್ತಿಲ್ಲ’ ಎಂಬ ಮಾತನ್ನು ಸುಲಭವಾಗಿ ಆಡಲು ಬಿಡುವ ಸಂಘವೇ ಒಳ್ಳೆಯ ಸಂಘ.

ನಮ್ಮ ಮಲೆನಾಡಿನ ಹಿರಿಯರು ನಾಟಿಯ ಕಾಲದಲ್ಲಿ ದಿನವಿಡೀ ಮಳೆಯಲ್ಲಿ ದುಡಿದವರು. ಅವರು ಹೊದೆಯುತ್ತಿದ್ದದ್ದು ಕಂಬಳಿಕೊಪ್ಪೆ ಮತ್ತು ಗೊರಬು. ಉಣ್ಣೆಯು ತೊಯ್ದರೂ ಬಿಸಿಯನ್ನು ಸಾಕಷ್ಟು ಹಿಡಿದಿಡುತ್ತದೆ. ಹತ್ತಿಯು ತೊಯ್ದರೆ ಬಿಸಿಯನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ಮಳೆಯ ಸವಾರರು ಮೈಗೆ ತಗಲುವಂತೆ ತೆಳುವಾದ ಉಣ್ಣೆಯ ಅಥವಾ ಬೇಗ ಒಣಗುವ ಪಾಲಿಯೆಸ್ಟರ್ ಅಂಗಿ ತೊಡಬೇಕು. ಒಂದು ಜೊತೆ ಒಣಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟುಕೊಳ್ಳಬೇಕು. ನಿಂತೊಡನೆ, ಚಳಿ ತೋರುವುದಕ್ಕೆ ಮೊದಲೇ, ಒಂದು ಪದರ ಹೆಚ್ಚು ತೊಡಬೇಕು.

ಇಂಬಳ, ಗಾಯ, ಇಲಿಜ್ವರ

ಅಂದು ಜೀಪಿನಿಂದ ಇಳಿದಾಗ ನಮ್ಮ ಕಾಲಿನಲ್ಲಿಯೂ ಎರಡು ಇಂಬಳಗಳಿದ್ದವು. ಸುಶ್ರುತಸಂಹಿತೆಯಲ್ಲಿ ಜಿಗಣೆಗಳಿಗಾಗಿಯೇ ಒಂದು ಅಧ್ಯಾಯವಿದ್ದು, ಸವಿಷ ಆರು, ನಿರ್ವಿಷ ಆರು ಎಂದು ಹನ್ನೆರಡು ಬಗೆಗಳನ್ನು ಹೇಳಿದೆ. ಚಿಕಿತ್ಸೆಗೆ ಬಳಸುವುದು ನೀರಿನ ಜಿಗಣೆ. ಮಲೆನಾಡಿನ ನೆಲದ ಇಂಬಳ ಬೇರೆ. ಕಚ್ಚಿದಾಗ ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವವನ್ನು ಬಿಡುವುದರಿಂದ, ಬಿಟ್ಟ ಮೇಲೂ ರಕ್ತ ಒಸರುತ್ತದೆ. ಗಾಬರಿ ಬೇಡ. ಕಿತ್ತೆಳೆಯದೆ, ಅದರ ತೆಳುವಾದ ತುದಿಯಡಿ ಉಗುರನ್ನು ಜಾರಿಸಿ ಬಿಡಿಸಬೇಕು. ಕಚ್ಚಿಕೊಂಡಿರುವಾಗ ಉಪ್ಪು ಸುಣ್ಣ ಸುರಿದರೆ ಅದು ಹೊಟ್ಟೆಯಲ್ಲಿರುವುದನ್ನು ಗಾಯದೊಳಕ್ಕೆ ಕಕ್ಕುವ ಸಂಭವವಿದೆ. ಬಿಡಿಸಿದ ಮೇಲೆ ಸಾಬೂನಿನಿಂದ ತೊಳೆದು, ಒಣಬಟ್ಟೆಯಿಂದ ಒತ್ತಿ ಹಿಡಿದರೆ ಸಾಕು.

ಬಿದ್ದು ತರಚಿದ ಗಾಯಗಳ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಕೆಸರನ್ನು ಶುದ್ಧವಾದ ಹರಿಯುವ ನೀರಿನಿಂದ ಧಾರಾಳವಾಗಿ ತೊಳೆಯಬೇಕು. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿದೆ ಎಂದು ವೈದ್ಯರಿಗೆ ತಿಳಿಸಬೇಕು. ಕೈಯೂರಿ ಬಿದ್ದು ಹೆಬ್ಬೆರಳಿನ ಬುಡದಲ್ಲಿ ನೋವು ಉಳಿದರೆ, ಊತ ಇಲ್ಲವೆಂದು ಸುಮ್ಮನಿರದೆ ಎಕ್ಸ್‌ರೇ ತೆಗೆಸಬೇಕು. ಮಣಿಕಟ್ಟಿನ ಸಣ್ಣ ಎಲುಬು ಮುರಿದದ್ದು ಹಲವೊಮ್ಮೆ ಮೊದಲಿಗೆ ತಿಳಿಯುವುದೇ ಇಲ್ಲ. ತಲೆಗೆ ಪೆಟ್ಟು ಬಿದ್ದು ಕ್ಷಣಕಾಲ ಮರೆವು, ವಾಂತಿ, ಹೆಚ್ಚುವ ತಲೆನೋವು ಕಂಡರೆ ಮನೆಮದ್ದಿಗೆ ಸ್ಥಾನವಿಲ್ಲ, ಆಸ್ಪತ್ರೆಗೇ ಹೋಗಬೇಕು. ಹಾವು ಕಚ್ಚಿದಲ್ಲಿ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಹೀರುವುದು ಯಾವುದೂ ಕೂಡದು; ಕಚ್ಚಿದ ಅಂಗವನ್ನು ಅಲುಗಿಸದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಇನ್ನೊಂದು ಎಚ್ಚರಿಕೆ ಇಲಿಜ್ವರದ್ದು. ಇಲಿ ಮತ್ತು ದನಕರುಗಳ ಮೂತ್ರ ಸೇರಿದ ಕೆಸರು ನೀರಿನಲ್ಲಿರುವ ಲೆಪ್ಟೋಸ್ಪೈರಾ ಎಂಬ ಸೂಕ್ಷ್ಮಜೀವಿಯು ತರಚುಗಾಯದ ಮೂಲಕ ಅಥವಾ ಕಣ್ಣು ಬಾಯಿಗಳ ಮೂಲಕ ಒಳಹೊಗುತ್ತದೆ. ಜ್ವರವು ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ, ಕೆಲವೊಮ್ಮೆ ತಿಂಗಳವರೆಗೂ ತಡವಾಗಿ ತೋರುತ್ತದೆ. ಅಷ್ಟರಲ್ಲಿ ಸವಾರನು ಕೆಸರನ್ನು ಮರೆತಿರುತ್ತಾನೆ. ಮೀನಖಂಡಗಳಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು, ಮೂತ್ರ ಕಡಿಮೆಯಾಗುವುದು, ಕಾಮಾಲೆ ಇವು ಜ್ವರದೊಂದಿಗೆ ಕಂಡರೆ ‘ಇಂಥ ದಿನ ಕೆಸರಿನಲ್ಲಿ ಸೈಕಲ್ ತುಳಿದಿದ್ದೆ’ ಎಂದು ವೈದ್ಯರಿಗೆ ತಪ್ಪದೆ ಹೇಳಬೇಕು. ಬೇಗ ಗುರುತಿಸಿದರೆ ಆಧುನಿಕ ಔಷಧಗಳಿಂದ ಗುಣವಾಗುವ ರೋಗವಿದು. ತಡವಾದರೆ ಮೂತ್ರಪಿಂಡ ಯಕೃತ್ತುಗಳನ್ನು ಕೆಡಿಸುತ್ತದೆ. ಮುಖದ ಮೇಲೆ ಕೆಸರು ಸಿಡಿಯದಂತೆ ಮುಂದಿನ ಚಕ್ರಕ್ಕೆ ಮಡ್‌ಗಾರ್ಡ್ ಹಾಕಿಸುವುದೂ, ಕುಡಿಯುವ ನೀರಿನ ಬಾಟಲಿಯ ಬಾಯಿಯನ್ನು ಒರಸಿ ಕುಡಿಯುವುದೂ ಸಣ್ಣ ಕೆಲಸಗಳಲ್ಲ.

ಆಹಾರ ಮತ್ತು ಉಪಚಾರ

ಸವಾರಿಯ ಹಿಂದಿನ ರಾತ್ರಿ ಲಘುವಾದ ಬಿಸಿಯೂಟ, ತುಂಬು ನಿದ್ರೆ ಇರಲಿ. ಬೆಳಗ್ಗೆ ಹೊಟ್ಟೆ ಬಿರಿಯುವಂತೆ ತಿನ್ನುವುದೂ ಬರಿಹೊಟ್ಟೆಯಲ್ಲಿ ಹೊರಡುವುದೂ ಎರಡೂ ತಪ್ಪು. ಹೊರಡುವ ಒಂದೂವರೆ ಗಂಟೆ ಮೊದಲು ತುಪ್ಪ ಹಾಕಿದ ಗೋಧಿ ರವೆಯ ಉಪ್ಪಿಟ್ಟು ಅಥವಾ ಹಳೆಯ ಅಕ್ಕಿಯ ಗಂಜಿ ಯೋಗ್ಯ. ದಾರಿಯಲ್ಲಿ ಬಾಳೆಹಣ್ಣು, ಕಡಲೆಕಾಯಿ ಬೆಲ್ಲದ ಚಿಕ್ಕಿ, ಕಾದಾರಿದ ನೀರು ಇರಲಿ. ಬಾಯಾರಿಕೆ ತೋರದಿದ್ದರೂ ಅರ್ಧ ಗಂಟೆಗೊಮ್ಮೆ ಕೆಲವು ಗುಟುಕು ಕುಡಿಯಬೇಕು. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಬೇಡ.

ಸವಾರಿ ಮುಗಿದೊಡನೆ ರಸ್ತೆ ಬದಿಯ ಮೆಣಸಿನಕಾಯಿ ಬಜ್ಜಿಗೆ ಮನಸ್ಸು ಹಾತೊರೆಯುವುದು ಸಹಜ. ಆದರೆ ಅಗ್ನಿ ಮಂದವಾಗಿರುವ ಋತುವಿನಲ್ಲಿ, ದಣಿದ ಹೊಟ್ಟೆಗೆ ಕರಿದದ್ದು ಭಾರ. ಕಾಳುಮೆಣಸಿನ ಸಾರು, ಹೆಸರುಬೇಳೆಯ ಕಟ್ಟು, ಬಿಸಿ ಅನ್ನ ಹಿತ. ಉಸಿರು ಸಹಜಸ್ಥಿತಿಗೆ ಬಂದು, ಬೆವರು ಆರಿದ ಮೇಲೆ ಬೆಚ್ಚನೆಯ ಎಳ್ಳೆಣ್ಣೆಯನ್ನು ಸೊಂಟ, ಮೊಣಕಾಲು, ಅಂಗಾಲುಗಳಿಗೆ ಹಚ್ಚಿ ಬಿಸಿನೀರಿನಲ್ಲಿ ಮೀಯುವುದು ಕೆರಳಿದ ವಾತವನ್ನು ಶಮನಗೊಳಿಸುತ್ತದೆ. ಆದರೆ ಪೆಟ್ಟಾಗಿ ಊದಿದ ಜಾಗವನ್ನು ತಿಕ್ಕಬಾರದು. ಕಾಲ್ಬೆರಳ ಸಂದುಗಳನ್ನು ಒಣಗಿಸಿ ಒರಸಬೇಕು. ಸೈಕಲ್ಲಿಗೂ ಅಭ್ಯಂಗವುಂಟು: ಕೆಸರು ತೊಳೆದು, ಒರಸಿ, ಸರಪಳಿಗೆ ಎಣ್ಣೆ ಬಿಡದಿದ್ದರೆ ಮರುದಿನವೇ ತುಕ್ಕು ಹಿಡಿಯುತ್ತದೆ.

ಹೃದ್ರೋಗಿಗಳು, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಉಳ್ಳವರು, ಶೀತದಿಂದ ಉಬ್ಬಸ ಕೆರಳುವವರು, ಜ್ವರದಿಂದ ಈಚೆಗಷ್ಟೇ ಎದ್ದವರು, ಗರ್ಭಿಣಿಯರು ಮಳೆಗಾಲದ ಬೆಟ್ಟದ ಸವಾರಿಗೆ ಹೋಗಬಾರದು. ನಲವತ್ತು ದಾಟಿ ಹೊಸದಾಗಿ ಆರಂಭಿಸುವವರು ವೈದ್ಯಪರೀಕ್ಷೆ ಮಾಡಿಸಿಕೊಂಡೇ ಇಳಿಯಬೇಕು. ಅಜೀರ್ಣವಿದ್ದ ದಿನ ಯಾರೂ ಹೋಗಬಾರದು. ಸಿಡಿಲಿನ ಸೂಚನೆಯಿದ್ದರೆ, ಹಳ್ಳ ಉಕ್ಕಿ ದಾರಿಯ ಮೇಲೆ ಹರಿಯುತ್ತಿದ್ದರೆ, ಅದು ಮರಳುವ ಆಜ್ಞೆಯೆಂದೇ ತಿಳಿಯಬೇಕು.

ತಾಯಂದಿರಿಗೆ ಉತ್ತರ

ಆ ತರುಣನು ಶ್ರಾವಣದ ಕೊನೆಯಲ್ಲಿ ಅದೇ ದಾರಿಗೆ ಮತ್ತೆ ಹೋದನು. ಈ ಸಲ ಒಳಗೆ ತೆಳುವಾದ ಉಣ್ಣೆಯಂಗಿ, ಚೀಲದಲ್ಲಿ ಒಣಬಟ್ಟೆ, ಫ್ಲಾಸ್ಕಿನಲ್ಲಿ ತಾಯಿ ಮಾಡಿಕೊಟ್ಟ ಶುಂಠಿ ಕಷಾಯ ಇದ್ದವು. ಮೂರು ಕಡೆ ಇಳಿದು ತಳ್ಳಿದನಂತೆ. ಕಡಿದಾದ ಇಳಿಜಾರನ್ನು ನಡೆದೇ ಇಳಿದನಂತೆ. ಹದಿನೆಂಟು ಕಿಲೋಮೀಟರು ಮುಗಿದವು. ಸೊಂಟದ ನೋವು ಈಗ ಬಹುಮಟ್ಟಿಗೆ ಇಲ್ಲ. ಇದು ಸೈಕಲ್ಲೊಂದರ ಫಲವಲ್ಲ. ಕುಳಿತುಕೊಳ್ಳುವ ಕ್ರಮ ತಿದ್ದಿದ್ದು, ದಿನವೂ ಮಾಡುವ ಬೆನ್ನಿನ ವ್ಯಾಯಾಮ, ಹೊತ್ತಿಗೆ ಸರಿಯಾದ ನಿದ್ರೆ ಎಲ್ಲವೂ ಸೇರಿ ಆದದ್ದು.

ಮಕ್ಕಳು ಮಳೆಯಲ್ಲಿ ಸೈಕಲ್ ಹೊರಡಿಸಿದಾಗ ತಾಯಂದಿರು ತಡೆಯುವುದಕ್ಕಿಂತ ಮೂರು ಪ್ರಶ್ನೆ ಕೇಳುವುದು ಲೇಸು. ಒಣಬಟ್ಟೆ ಇಟ್ಟುಕೊಂಡೆಯಾ? ನಿನ್ನ ಹಿಂದೆ ಬರುವವರು ಯಾರು? ಅರ್ಧದಲ್ಲಿ ಸಾಕೆನಿಸಿದರೆ ಮರಳಲು ದಾರಿ ಯಾವುದು? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ನಿಶ್ಚಿಂತೆಯಿಂದ ಕಳುಹಿಸಿರಿ. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ, ಅಂದಿನ ಮಟ್ಟಿಗೆ ಸೈಕಲ್ಲು ಮನೆಯ ಜಗಲಿಯಲ್ಲಿಯೇ ಇರಲಿ.